ತಪ್ಪು ಉತ್ತರದ ಒಳಗೆ ಏನಿದೆ

(ಧಾರವಾಡದಲ್ಲಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳ ಶಿಕ್ಷಕರು, ಪಾಲಕರು ಕೂಡಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಸಮಯ ಸಾಲದೆ ಅಂದು ಬಿಟ್ಟಿದ್ದ ಕೆಲವು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ.)

ಗುರುಬಳಗಕ್ಕೆ, ಕೆಲಸ ಬಿಟ್ಟು ಬಂದು ಕೂತ ತಾಯಂದಿರಿಗೆ, ತಂದೆಯವರಿಗೆ ಶರಣು.

ಶಿಕ್ಷಣ ವ್ಯವಸ್ಥೆ ಎಳೆಯ ಮನಸ್ಸುಗಳನ್ನು ಹೇಗೆ ರೂಪಿಸುತ್ತದೆ ಅನ್ನೋದರ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು, ಆಮೇಲೆ ಗದಗ ಮತ್ತು ಹಾವೇರಿ ಜಿಲ್ಲೆಗಳಲ್ಲಿ ಶಿಕ್ಷಕರ ತರಬೇತಿಗಾಗಿ ಓಡಾಡಿದವಳು. ಅದಕ್ಕೆ ಇಷ್ಟು ದೊಡ್ಡ ವಿಷಯವನ್ನು ಒಂದೇ ಕಡೆಯಿಂದ ಹಿಡಿಯುತ್ತೇನೆ. ಮಗು ತಪ್ಪು ಉತ್ತರ ಹೇಳಿದ ಗಳಿಗೆಯಲ್ಲಿ ನಮ್ಮ ಶಾಲೆಯಲ್ಲಿ ಏನಾಗುತ್ತದೆ? ಮಗುವಿನ ಮನಸ್ಸು ಹೇಗೆ ಬೆಳೆಯಬೇಕು ಅನ್ನೋದು ಬಹುಮಟ್ಟಿಗೆ ಆ ಗಳಿಗೆಯಲ್ಲೇ ತೀರ್ಮಾನವಾಗುತ್ತದೆ ಅನ್ನೋದು ನನ್ನ ಗಟ್ಟಿ ನಂಬಿಕೆ.

ಲಕ್ಷ್ಮೇಶ್ವರದ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ 4ನೇ ತರಗತಿಯ ಹುಡುಗನೊಬ್ಬ 52ರಲ್ಲಿ 38 ಕಳೆದು 26 ಅಂತ ಬರೆದಿದ್ದ. ಸರಿಯಾದ ಉತ್ತರ 14. ಇಂಥ ಕಡೆ ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆದು ಮುಂದಿನ ಪುಟಕ್ಕೆ ಹೋಗುವುದು ನಮ್ಮೆಲ್ಲರ ರೂಢಿ. ಅವನನ್ನು ಕೂಡಿಸಿಕೊಂಡು, ‘ಇದು ಹೆಂಗ ಬಂತಪ್ಪ, ಹೇಳು ನೋಡೋಣು’ ಅಂತ ಕೇಳಿದಾಗ ಅವನು ಹೇಳಿದ್ದು ಇದು: ‘2ರಾಗ 8 ಹೋಗಂಗಿಲ್ರಿ ಅಕ್ಕೋರ. ದೊಡ್ಡದರಾಗ ಸಣ್ಣದು ಕಳೀಬೇಕು ಅಂತ ಕಲಿಸ್ಯಾರ. ಅದಕ್ಕ 8ರಾಗ 2 ಕಳದೆ, 6 ಬಂತು. 5ರಾಗ 3 ಹೋದ್ರ 2.’

ಈ ಹುಡುಗನಿಗೆ ಕಳೆಯುವುದು ಬರುವುದಿಲ್ಲ ಅನ್ನಲು ಆಗುತ್ತದೆಯೇ? ಅವನು ಎರಡು ಕಳೆಯುವ ಲೆಕ್ಕ ಮಾಡಿದ್ದಾನೆ, ಎರಡೂ ಸರಿ. 1ನೇ ತರಗತಿಯಲ್ಲಿ ನಾವೇ ಹೇಳಿಕೊಟ್ಟ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದಾನೆ. ಅವನಿಗೆ ಗೊತ್ತಿಲ್ಲದ್ದು ಒಂದೇ: 52 ಅನ್ನೋದು ಒಂದೇ ಸಂಖ್ಯೆ, 5 ಮತ್ತು 2 ಅಂತ ಪಕ್ಕಪಕ್ಕ ಕೂತ ಎರಡು ಸಂಖ್ಯೆ ಅಲ್ಲ. ಕೇಳಿದ್ದಕ್ಕೆ ಇದು ಗೊತ್ತಾಯಿತು. ಕೆಂಪು ಗೆರೆ ಎಳೆದಿದ್ದರೆ ಅವನಿಗೂ ಗೊತ್ತಾಗುತ್ತಿರಲಿಲ್ಲ, ನನಗೂ ಗೊತ್ತಾಗುತ್ತಿರಲಿಲ್ಲ. ಅವನ ಪಾಲಿಗೆ ಉಳಿಯುತ್ತಿದ್ದುದು ‘ನನಗ ಲೆಕ್ಕ ಬರಂಗಿಲ್ಲ’ ಅನ್ನೋ ಒಂದು ಭಾವನೆ ಮಾತ್ರ.

ಗಣಿತ ಕಲಿಸುವವರಿಗೆಲ್ಲ ಇಂಥ ತಪ್ಪುಗಳ ಪರಿಚಯ ಇದೆ. 0.5 ಮತ್ತು 0.125, ಯಾವುದು ದೊಡ್ಡದು ಅಂದರೆ 0.125 ಅಂತ ಬಹಳ ಮಕ್ಕಳು ಹೇಳುತ್ತಾರೆ. 125 ಅನ್ನೋದು 5ಕ್ಕಿಂತ ದೊಡ್ಡದಲ್ಲವೇ? ಅರ್ಧ ಮತ್ತು ಕಾಲು ಕೂಡಿಸಿ ಅಂದರೆ ಮೇಲಿನ ಅಂಕಿಗೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ ಆರರಲ್ಲಿ ಎರಡು ಭಾಗ ಅಂತ ಬರೆಯುತ್ತಾರೆ. ಆರರಲ್ಲಿ ಎರಡು ಅಂದರೆ ಮೂರರಲ್ಲಿ ಒಂದು. ಅರ್ಧ ರೊಟ್ಟಿಗೆ ಪಾವ ರೊಟ್ಟಿ ಕೂಡಿಸಿದರೆ ಅರ್ಧಕ್ಕಿಂತ ಕಡಿಮೆ ಆಯಿತೇನು ಅಂತ ಆ ಮಗುವನ್ನೇ ಕೇಳಿ. ನಗುತ್ತದೆ, ತಾನೇ ಅಳಿಸುತ್ತದೆ. ಆ ತಪ್ಪು ಧಾರವಾಡದ ಮಕ್ಕಳದಷ್ಟೇ ಅಲ್ಲ, ಲೋಕದ ಎಲ್ಲ ಕಡೆಯ ಮಕ್ಕಳದ್ದು. ಮಕ್ಕಳು ಮನಸ್ಸಿಗೆ ಬಂದಂತೆ ತಪ್ಪುವುದಿಲ್ಲ, ಒಂದು ಕ್ರಮದಲ್ಲಿ ತಪ್ಪುತ್ತಾರೆ. ತಮಗೆ ಗೊತ್ತಿರುವ ನಿಯಮವನ್ನು ಅದು ಸಲ್ಲದ ಕಡೆಗೂ ಒಯ್ಯುತ್ತಾರೆ. ಯೋಚನೆ ಮಾಡುವ ಮಗು ಮಾತ್ರ ಹಾಗೆ ತಪ್ಪಲು ಸಾಧ್ಯ.

ಹಾಗಿದ್ದ ಮೇಲೆ ತರಗತಿಯಲ್ಲಿ ಶಿಕ್ಷಕರಿಗೆ ಸಿಗುವ ಅತ್ಯಂತ ಬೆಲೆಯುಳ್ಳ ಸುಳಿವು ಈ ತಪ್ಪು ಉತ್ತರವೇ. ನಮ್ಮ ವ್ಯವಸ್ಥೆ ಮಕ್ಕಳಿಗೆ ಮೊದಲು ಕಲಿಸುವುದು ಅದನ್ನೇ ಬಚ್ಚಿಡಲು. ಎಡಗೈ ಅಡ್ಡ ಇಟ್ಟು ಬರೆಯುವ ಮಕ್ಕಳನ್ನು ನೋಡಿದ್ದೀರಿ. ಉತ್ತರ ಗೊತ್ತಿದ್ದರೂ ಮುಂದಿನ ಬೆಂಚಿನ ಹುಡುಗಿ ಏನು ಬರೆದಿದ್ದಾಳೆ ಅಂತ ಇಣುಕಿ ನೋಡಿಯೇ ಬರೆಯುವ ಮಕ್ಕಳನ್ನೂ ನೋಡಿದ್ದೀರಿ. ‘ತಿಳೀತೇನ್ರೋ?’ ಅಂತ ಮಾಸ್ತರು ಕೇಳುತ್ತಾರೆ, ‘ತಿಳೀತ್ರೀ!’ ಅಂತ ಇಡೀ ತರಗತಿ ಒಂದೇ ದನಿಯಲ್ಲಿ ಹೇಳುತ್ತದೆ. ಆ ದನಿಯೊಳಗೆ ಎಷ್ಟು ಮಕ್ಕಳು ಏನೂ ತಿಳಿಯದೆ ಕೂತಿರುತ್ತಾರೆ! ನಾನು ತರಬೇತಿಗಳಲ್ಲಿ ಎಲ್ಲಕ್ಕಿಂತ ಮೊದಲು ಹೇಳುತ್ತಿದ್ದದ್ದು, ಈ ಪ್ರಶ್ನೆಯನ್ನು ಕೈಬಿಡಿ ಅಂತ. ತಿಳಿಯಲಿಲ್ಲ ಅಂತ ಹೇಳಲು ಜಾಗವೇ ಇಲ್ಲದ ಪ್ರಶ್ನೆ ಅದು.

ಹುಬ್ಬಳ್ಳಿಯ ದುರ್ಗದಬೈಲಿಗೋ ಜನತಾ ಬಜಾರಿಗೋ ಸಂಜೆ ಹೊತ್ತು ಹೋಗಿ ನೋಡಿ. ಅವ್ವನ ಪಕ್ಕ ಕೂತು ತರಕಾರಿ ಮಾರುವ ಮಗು 60 ರೂಪಾಯಿ ಕಿಲೋದ ಬದನೆಕಾಯಿ ಪಾವ ಕಿಲೋ ಅಂದರೆ 15 ಅನ್ನುತ್ತದೆ, 20 ರೂಪಾಯಿಯ ಸೌತೆಕಾಯಿ ಕೂಡಿಸುತ್ತದೆ, 100 ರೂಪಾಯಿ ನೋಟಿಗೆ 65 ಚಿಲ್ಲರೆ ಎಣಿಸಿ ಕೊಡುತ್ತದೆ. ದೀಡನೂರು (ಒಂದೂವರೆ ನೂರು), ಅಡೀಚನೂರು (ಎರಡೂವರೆ ನೂರು) ಅಂತ ಅದರ ಬಾಯಲ್ಲಿ ಭಿನ್ನರಾಶಿಗಳು ಹರಿದಾಡುತ್ತವೆ. ಮರುದಿನ ಶಾಲೆಯಲ್ಲಿ 60ನ್ನು ಕಾಲಿನಿಂದ ಗುಣಿಸು ಅಂದರೆ ಅದೇ ಮಗು ತಲೆ ತಗ್ಗಿಸುತ್ತದೆ.

ಇದನ್ನು ಊಹೆಯ ಮೇಲೆ ಹೇಳುತ್ತಿಲ್ಲ. ಬ್ರೆಜಿಲ್ ದೇಶದ ರೆಸೀಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ 9ರಿಂದ 15 ವರ್ಷದ ಐದು ಮಕ್ಕಳ ಮೇಲೆ ಮಾಡಿದ ಅಧ್ಯಯನ 1985ರಲ್ಲಿ ಪ್ರಕಟವಾಯಿತು. ಸಂಶೋಧಕರು ಗಿರಾಕಿಗಳಾಗಿ ಹೋಗಿ ಲೆಕ್ಕ ಕೇಳಿದಾಗ ಮಕ್ಕಳ ಉತ್ತರ ಶೇ. 98.2ರಷ್ಟು ಸರಿ ಇದ್ದವು. ಅವೇ ಲೆಕ್ಕಗಳನ್ನು ಅಂಕಿಗಳಾಗಿ ಹಾಳೆಯ ಮೇಲೆ ಕೊಟ್ಟಾಗ ಸರಿ ಬಂದದ್ದು ಶೇ. 36.8 ಮಾತ್ರ. ಒಂದು ಮಗುವಿನ ಉದಾಹರಣೆಯನ್ನು ನಾನು ಬಹಳ ಶಿಕ್ಷಕರಿಗೆ ಹೇಳಿದ್ದೇನೆ. ಒಂದಕ್ಕೆ 35ರಂತೆ ನಾಲ್ಕು ತೆಂಗಿನಕಾಯಿಗೆ ಎಷ್ಟು ಅಂದರೆ, ಮೂರಕ್ಕೆ 105, ಇನ್ನೊಂದು ಸೇರಿದರೆ 140 ಅಂತ ಸರಾಗ ಹೇಳಿದ ಮಗು, ಹಾಳೆಯ ಮೇಲೆ 35 ಗುಣಿಸು 4 ಮಾಡಿ 200 ಅಂತ ಬರೆಯಿತು. ನಾಲ್ಕೈದಲಿ 20, ದಶಕ 2, ಅದಕ್ಕೆ 3 ಕೂಡಿಸಿದರೆ 5, ಐದ್ನಾಲ್ಕಲಿ ಮತ್ತೆ 20. ದಶಕವನ್ನು ಗುಣಿಸುವ ಮೊದಲೇ ಕೂಡಿಸಿತು ಅಷ್ಟೇ. ಆದರೆ ತಾನು ಮೊದಲು ಬಾಯಲ್ಲಿ ಹೇಳಿದ 140 ಅದಕ್ಕೆ ನೆನಪಾಗಲಿಲ್ಲ. ಇದು ಬೇರೆ ಲೋಕ, ಇಲ್ಲಿ ನನ್ನ ಬುದ್ಧಿ ನಡೆಯುವುದಿಲ್ಲ ಅಂತ ಅದು ಆಗಲೇ ಒಪ್ಪಿಕೊಂಡುಬಿಟ್ಟಿತ್ತು ಅನ್ನಿಸುತ್ತದೆ.

2025ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಅವರಿದ್ದ ತಂಡ ಇದನ್ನೇ ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ, 1400ಕ್ಕೂ ಹೆಚ್ಚು ಮಕ್ಕಳಲ್ಲಿ ಪರೀಕ್ಷಿಸಿ ಬರೆಯಿತು. ವ್ಯಾಪಾರದ ಲೆಕ್ಕ ಬಲ್ಲ ಮಕ್ಕಳಿಗೆ ಶಾಲೆಯ ಲೆಕ್ಕ ಕಷ್ಟವಾಯಿತು. ನಮ್ಮನ್ನು ಬೆಚ್ಚಿಬೀಳಿಸಬೇಕಾದ್ದು ಅದರ ಇನ್ನೊಂದು ಮುಖ. ಶಾಲೆಗೆ ತಪ್ಪದೆ ಹೋಗುತ್ತಿದ್ದ, ವ್ಯಾಪಾರ ಮಾಡದ ಮಕ್ಕಳು ಹಾಳೆಯ ಮೇಲಿನ ಲೆಕ್ಕದಲ್ಲಿ ಮುಂದಿದ್ದರು, ಮಾರುಕಟ್ಟೆಯ ಸಾಮಾನ್ಯ ಲೆಕ್ಕದಲ್ಲಿ ಸೋತರು. ಎರಡೂ ಕಡೆಯ ಮಕ್ಕಳ ತಲೆಯಲ್ಲಿ ಎರಡು ಗಣಿತಗಳು ಒಂದನ್ನೊಂದು ಮಾತಾಡಿಸದೆ ಕೂತಿವೆ. ಅವನ್ನು ಮಾತಾಡಿಸುವ ಕೆಲಸ ಶಾಲೆಯದು. ಮಗು ಹೇಗೆ ಯೋಚಿಸಿತು ಅಂತ ಕೇಳದ ಶಾಲೆ ಆ ಕೆಲಸ ಮಾಡಲಾರದು.

ಗಣಿತ ಒಂದರದೇ ಕಥೆ ಅಲ್ಲ ಇದು. ರಾಣೆಬೆನ್ನೂರು ಸೀಮೆಯಲ್ಲಿ ಹತ್ತಿ, ಟೊಮೆಟೊ, ಮೆಣಸಿನಕಾಯಿಯ ಹೈಬ್ರಿಡ್ ಬೀಜ ಮಾಡುವ ಹೊಲಗಳಿವೆ. ‘ಕ್ರಾಸಿಂಗ್’ ಕೆಲಸ ಅನ್ನುತ್ತಾರೆ. ನಾಳೆ ಅರಳುವ ಮೊಗ್ಗನ್ನು ಇವತ್ತೇ ಗುರುತಿಸಿ ಅದರ ಕೇಸರಗಳನ್ನು ಕಿತ್ತು ತೆಗೆಯಬೇಕು, ಬೆಳಿಗ್ಗೆ ಗಂಡು ಸಾಲಿನ ಹೂವಿನ ಪರಾಗ ತಂದು ಶಲಾಕೆಯ ತುದಿಗೆ ಸವರಬೇಕು. ಆ ಮನೆಗಳ ಮಕ್ಕಳು ಇದನ್ನು ನೋಡುತ್ತಲೇ ಬೆಳೆಯುತ್ತಾರೆ. ಮಕ್ಕಳನ್ನು ಆ ದುಡಿಮೆಗೆ ಹಚ್ಚಬಾರದು, ಅದರಲ್ಲಿ ಎರಡು ಮಾತಿಲ್ಲ. ಆದರೆ ವಿಜ್ಞಾನದ ತರಗತಿಯಲ್ಲಿ ಪರಾಗಸ್ಪರ್ಶದ ಪಾಠ ಬಂದಾಗ ಆ ಮಕ್ಕಳು ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಸುಮ್ಮನಾಗುತ್ತಾರೆ. ‘ನಿಮ್ಮ ಹೊಲದಾಗ ಕೇಸರ ಯಾಕ ಕೀಳ್ತಾರ? ಕೀಳದಿದ್ರ ಏನ ಆಗತೈತಿ?’ ಅಂತ ಕೇಳಿದರೆ ಹೂವಿಗೆ ತನ್ನ ಪರಾಗವೇ ತಾಗುವ ಸ್ವಕೀಯ ಪರಾಗಸ್ಪರ್ಶ ಅನ್ನೋ ಪಾಠ ಅಲ್ಲೇ ತೆರೆದುಕೊಳ್ಳುತ್ತದೆ. ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ಮಾರುಕಟ್ಟೆಯ ದಿನ. ಕೈಯಲ್ಲಿ ಹಿಡಿದು ನೋಡಿಯೇ ಕಾಯಿಯ ಒಣಗು, ಬಣ್ಣ ಹೇಳುವ ಅಪ್ಪಂದಿರು ಅಲ್ಲಿದ್ದಾರೆ. ಆ ಅಪ್ಪನಿಗೆ ತನ್ನ ಮಗನ ಶಾಲೆಯ ಬಾಗಿಲಲ್ಲಿ ನಿಂತಾಗ ತಾನು ಏನೂ ತಿಳಿಯದವನು ಅನ್ನಿಸುತ್ತದೆ. ಮಗನಿಗೂ ಹಾಗೇ ಅನ್ನಿಸತೊಡಗುತ್ತದೆ. ಇದು ನನಗೆ ಬಹಳ ನೋವು ಕೊಡುವ ಸಂಗತಿ.

ಈ ರೂಢಿ ಎಲ್ಲಿಂದ ಬಂತು? ಶಿಕ್ಷಕರು ಕೆಟ್ಟವರಾಗಿ ಬಂದದ್ದಲ್ಲ. ಬ್ರಿಟಿಷರ ಕಾಲದಲ್ಲಿ ಧಾರವಾಡ ಮುಂಬೈ ಪ್ರಾಂತದಲ್ಲಿತ್ತು. ಶಿಕ್ಷಣದ ಬಗ್ಗೆ ಲಂಡನ್ನಿನಿಂದ ಬಂದ 1854ರ ವುಡ್ ಆದೇಶದ ನಂತರ ಸರ್ಕಾರಿ ಶಿಕ್ಷಣ ಇಲಾಖೆಗಳು ಹುಟ್ಟಿದವು, ಶಾಲೆಗಳಿಗೆ ಅನುದಾನ ಕೊಡುವ ಪದ್ಧತಿ ಬಂತು. ಇಂಗ್ಲೆಂಡಿನಲ್ಲಿ 1862ರಿಂದ, ಇನ್ಸ್‌ಪೆಕ್ಟರು ಬಂದು ಪರೀಕ್ಷೆ ಮಾಡಿದಾಗ ಎಷ್ಟು ಮಕ್ಕಳು ತೇರ್ಗಡೆ ಆಗುತ್ತಾರೋ ಅದಕ್ಕೆ ತಕ್ಕಂತೆ ಶಾಲೆಗೆ ಹಣ ಕೊಡುವ ನಿಯಮ ಜಾರಿಯಾಯಿತು. ಅದೇ ಪದ್ಧತಿ ಮುಂಬೈ ಪ್ರಾಂತಕ್ಕೂ ಬಂತು. ಫಲ ನೋಡಿ ಹಣ. ಕೇಳಲು ನ್ಯಾಯವಾಗಿದೆ. ತರಗತಿಯಲ್ಲಿ ಆದದ್ದೇನು? ಇನ್ಸ್‌ಪೆಕ್ಟರು ಕೇಳುವ ಪಾಠವನ್ನೇ ಉರು ಹಚ್ಚಿಸುವುದು ಶುರುವಾಯಿತು. ಕಲಿಕೆ ಯಾಂತ್ರಿಕವಾಗುತ್ತಿದೆ ಅಂತ ಇಂಗ್ಲೆಂಡಿನಲ್ಲೇ, ಶಾಲಾ ಇನ್ಸ್‌ಪೆಕ್ಟರ್ ಆಗಿದ್ದ ಮ್ಯಾಥ್ಯೂ ಆರ್ನಾಲ್ಡ್ ತಮ್ಮ ವರದಿಗಳಲ್ಲಿ ಎಚ್ಚರಿಸಿದರು. ಕೊನೆಗೆ ಅಲ್ಲೂ ಇಲ್ಲೂ ಆ ಪದ್ಧತಿಯನ್ನು ಕೈಬಿಟ್ಟರು. ಕಾಗದದಿಂದ ಹೋಯಿತು, ನಮ್ಮ ಶಾಲೆಗಳ ಉಸಿರಿನಿಂದ ಹೋಗಲಿಲ್ಲ.

ಅದೇ ಕಾಲದಲ್ಲಿ ಇದೇ ಧಾರವಾಡದಲ್ಲಿ ಇನ್ನೊಂದು ಕೆಲಸವೂ ನಡೆದಿತ್ತು. ಈ ಭಾಗದ ಸರ್ಕಾರಿ ಶಾಲೆಗಳಲ್ಲಿ ಮರಾಠಿ ತುಂಬಿದ್ದ ದಿನಗಳಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರು ಊರೂರು ತಿರುಗಿ ಕನ್ನಡ ಶಾಲೆ ಕಟ್ಟಿದರು, ಅವುಗಳಿಗೆ ಶಿಕ್ಷಕರನ್ನು ತಯಾರು ಮಾಡಿದರು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು ಆ ನೆಲದ ಮೇಲೆ. ಅವರ ಹೋರಾಟವನ್ನು ನಾವು ಭಾಷಾಭಿಮಾನ ಅಂತ ಮಾತ್ರ ನೆನೆಯುತ್ತೇವೆ. ನನ್ನ ಕಣ್ಣಿಗೆ ಅದು ಕಲಿಕೆಯ ಪ್ರಶ್ನೆಯೂ ಹೌದು. ತನ್ನ ಭಾಷೆಯಲ್ಲಿ ಮಾತ್ರ ಎಳೆಯ ಮಗು ‘ನಾ ಹಿಂಗ ಮಾಡಿದೆ, ಯಾಕಂದ್ರ…’ ಅಂತ ಶುರುಮಾಡಬಲ್ಲದು. ಇವತ್ತು ಹಳ್ಳಿಹಳ್ಳಿಯಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳು ತೆರೆಯುತ್ತಿವೆ, ಸರ್ಕಾರಿ ಶಾಲೆಗಳಲ್ಲೇ 2019ರಿಂದ ಶುರುವಾಗಿವೆ. ಪಾಲಕರು ಯಾಕೆ ಅತ್ತ ಹೋಗುತ್ತಾರೆ ಅನ್ನೋದು ನನಗೆ ಅರ್ಥವಾಗುತ್ತದೆ, ಅವರನ್ನು ನಾನು ದೂರುವುದಿಲ್ಲ. ಇಂಗ್ಲಿಷ್ ಬೇಕು, ಚೆನ್ನಾಗಿಯೇ ಕಲಿಸಬೇಕು. ಆದರೆ ‘ಯಾಕಂದ್ರ’ ಅಂತ ಹೇಳಲು ಬಾಯಿ ಬಾರದ ಭಾಷೆಯಲ್ಲಿ ಆರು ವರ್ಷದ ಮಗುವನ್ನು ಕೂರಿಸಿದರೆ ಅದಕ್ಕೆ ಉಳಿಯುವ ದಾರಿ ಕಂಠಪಾಠ ಒಂದೇ. ತಪ್ಪಾಗಿ ಯೋಚಿಸಲೂ ಅದಕ್ಕೆ ಅವಕಾಶ ಇರುವುದಿಲ್ಲ.

ಈಗ ಎಸ್ಸೆಸ್ಸೆಲ್ಸಿಗೆ ಬರೋಣ. ಫಲ ನೋಡಿ ಹಣ ಕೊಡುತ್ತಿದ್ದ ಜಾಗದಲ್ಲಿ ಈಗ ಫಲ ನೋಡಿ ಜಿಲ್ಲೆಗಳಿಗೆ ಸ್ಥಾನ ಕೊಡುತ್ತೇವೆ. ಜಿಲ್ಲೆ ಎಷ್ಟನೇ ಸ್ಥಾನಕ್ಕೆ ಬಂತು ಅಂತ ಉಪನಿರ್ದೇಶಕರನ್ನು ಕೇಳುತ್ತಾರೆ, ಅವರು ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒ ಅವರನ್ನು ಕೇಳುತ್ತಾರೆ, ಬಿಇಒ ಹೆಡ್‌ಮಾಸ್ತರನ್ನು, ಹೆಡ್‌ಮಾಸ್ತರು ವಿಷಯ ಶಿಕ್ಷಕರನ್ನು. ಕೊನೆಗೆ ಆ ಭಾರವೆಲ್ಲ 15 ವರ್ಷದ ಮಗುವಿನ ಮೇಲೆ ಇಳಿಯುತ್ತದೆ. ಆಗ ಹುಟ್ಟಿಕೊಂಡದ್ದು ‘ಪಾಸಿಂಗ್ ಪ್ಯಾಕೇಜ್’. ಯಾವ ಪಾಠದಿಂದ ಎಷ್ಟು ಅಂಕ, ಯಾವ ನಕ್ಷೆ, ಯಾವ ಪ್ರಮೇಯ ಬರೆದರೆ ಪಾಸಾಗಬಹುದು ಅನ್ನೋ ತೆಳ್ಳನೆಯ ಪುಸ್ತಿಕೆ. ಅದನ್ನು ತಯಾರಿಸಿದ ಶಿಕ್ಷಕರ ಕಾಳಜಿ ನನಗೆ ಗೊತ್ತು. ಫೇಲಾದ ಹುಡುಗಿಗೆ ಮದುವೆ ಮಾಡಿಬಿಡುವ ಊರುಗಳಲ್ಲಿ ಆ ಪುಸ್ತಿಕೆ ಎಷ್ಟೋ ಹೆಣ್ಣುಮಕ್ಕಳನ್ನು ಕಾಲೇಜಿನ ಬಾಗಿಲಿಗೆ ಮುಟ್ಟಿಸಿದೆ. ಆದರೆ ಹತ್ತು ವರ್ಷ ಶಾಲೆಯಲ್ಲಿದ್ದ ಮಗುವಿಗೆ ಕೊನೆಯ ಮೂರು ತಿಂಗಳಲ್ಲಿ ಅಂಥ ಪುಸ್ತಿಕೆ ಬೇಕಾಯಿತು ಅಂದರೆ, ಅದರ ತಪ್ಪುಗಳನ್ನು ಹತ್ತು ವರ್ಷ ಯಾರೂ ಕೂತು ಕೇಳಿರಲಿಲ್ಲ ಅಂತಲೇ ಅರ್ಥ.

ಅಂಕಿಗಳೂ ಅದನ್ನೇ ಹೇಳುತ್ತವೆ. ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದವು. ಕೃಪಾಂಕ ಹೆಚ್ಚಿಸಿದ ಮೇಲೂ ಶೇ. 73.40ಕ್ಕೆ ಇಳಿಯಿತು. 2025ರ ಮೊದಲ ಪರೀಕ್ಷೆಯಲ್ಲಿ ಶೇ. 66.14. ಮಕ್ಕಳ ಬುದ್ಧಿ ಎರಡು ವರ್ಷದಲ್ಲಿ ಕುಗ್ಗಲಿಲ್ಲ. ಅಷ್ಟು ದಿನ ಮುಚ್ಚಿಟ್ಟದ್ದು ಹೊರಗೆ ಕಂಡಿತು. ಅದಕ್ಕೆ ಉತ್ತರವಾಗಿ ಪಾಸಾಗುವ ಗೆರೆಯನ್ನು 35ರಿಂದ 33ಕ್ಕೆ ಇಳಿಸುವ ತೀರ್ಮಾನ ಬಂತು. ಗೆರೆ ಎಲ್ಲಿ ಇರಬೇಕು ಅಂತ ವಾದ ಮಾಡುವುದರಲ್ಲಿ ನನಗೆ ಆಸಕ್ತಿ ಇಲ್ಲ. 33 ಬಂದ ಮಗುವಿನ ಉಳಿದ 67 ಅಂಕಗಳಲ್ಲಿ ಏನಿತ್ತು ಅನ್ನೋದರಲ್ಲಿ ಇದೆ. ಆ ಉತ್ತರಪತ್ರಿಕೆಗಳನ್ನು ಕೂತು ಓದಿದರೆ ನಾವು ಎಲ್ಲಿ ಸೋತಿದ್ದೇವೆ ಅಂತ ಪಾಠಪಾಠಕ್ಕೂ ಗೊತ್ತಾಗುತ್ತದೆ.

5, 8, 9ನೇ ತರಗತಿಗೂ ಬೋರ್ಡ್ ಪರೀಕ್ಷೆ ತರುವ ಪ್ರಯತ್ನ ನಮ್ಮ ರಾಜ್ಯದಲ್ಲಿ ನಡೆದು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2024ರ ಏಪ್ರಿಲಿನಲ್ಲಿ ಫಲಿತಾಂಶಕ್ಕೇ ತಡೆ ಬಂತು. ಆ ವಿವರಕ್ಕೆ ಹೋಗುವುದಿಲ್ಲ. ಹತ್ತು ವರ್ಷದ ಮಗುವಿನ ಉತ್ತರಪತ್ರಿಕೆ ತಿದ್ದುವವರು ಅದರ ಮುಖ ಕಂಡವರಾಗಿರಬೇಕು, ಅಷ್ಟೇ ನನ್ನ ಅಭಿಪ್ರಾಯ.

ಒಳ್ಳೆಯದು ಏನೂ ಆಗಿಲ್ಲವೇ? ಆಗಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಯ ಮಾದರಿ ನೋಡಿ ಬಂದು ಕೆಳಗಿನ ತರಗತಿಗಳಿಗೆ ‘ನಲಿ-ಕಲಿ’ ಶುರು ಮಾಡಿದರು. 2009-10ರಿಂದ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಕಲಿಕಾ ಏಣಿಯ ಮೇಲೆ ಪ್ರತಿ ಮಗು ತನ್ನ ವೇಗದಲ್ಲಿ ಏರುತ್ತದೆ. ಇವತ್ತು ಬಾರದ ಮೆಟ್ಟಿಲಿಗೆ ನಾಳೆ ಮತ್ತೆ ಬರುತ್ತದೆ, ಯಾರೂ ಫೇಲ್ ಅನ್ನುವುದಿಲ್ಲ. ತಲೆಯ ಮೇಲಿನ ಚಪ್ಪರದಲ್ಲಿ ಎಲ್ಲರ ಹಾಳೆಗಳೂ ತೂಗುತ್ತವೆ, ಚೆಂದ ಬರೆದವರದೂ ವಕ್ರ ಬರೆದವರದೂ. ಸರಿಯಾಗಿ ನಡೆಸಿದ ನಲಿ-ಕಲಿ ತರಗತಿಯಲ್ಲಿ ಮಕ್ಕಳು ನನ್ನ ಸೆರಗು ಹಿಡಿದು ‘ಅಕ್ಕೋರ, ಇದು ಬರವಲ್ದು’ ಅಂತ ಹೇಳಿದ್ದಾರೆ. ಆ ಮಾತು ಕೇಳಿದರೆ ನನಗೆ ಹಬ್ಬ. ಬರವಲ್ದು ಅಂತ ಧೈರ್ಯವಾಗಿ ಹೇಳುವ ಮಗು ಕಲಿತೇ ಕಲಿಯುತ್ತದೆ. ಅದೇ ಮಗು 4ನೇ ತರಗತಿಗೆ ಕಾಲಿಟ್ಟ ದಿನ ಬೆಂಚು, ಪಠ್ಯಪುಸ್ತಕ, ಘಟಕ ಪರೀಕ್ಷೆ. ಮೂರು ವರ್ಷ ಬೆಳೆದ ಧೈರ್ಯ ಮೂರು ತಿಂಗಳಲ್ಲಿ ಬಾಯಿ ಮುಚ್ಚುತ್ತದೆ. ನಲಿ-ಕಲಿಯಲ್ಲಿ ಕಲಿತ ಮಕ್ಕಳು ಹಿಂದೆ ಬೀಳುತ್ತಾರೆ ಅನ್ನುವವರು, 4ನೇ ತರಗತಿಯ ಬಾಗಿಲಲ್ಲಿ ಆ ಮಗುವಿಗೆ ನಾವು ಏನು ಮಾಡುತ್ತೇವೆ ಅನ್ನೋದನ್ನೂ ನೋಡಬೇಕು.

ಹೀಗೆ ಬಾಯಿ ಮುಚ್ಚಿದ ಮಗು ಮುಂದೆ ಎಲ್ಲಿಗೆ ಹೋಗುತ್ತದೆ? ಈ ಸಭೆಯಿಂದ ಸ್ವಲ್ಪ ದೂರದಲ್ಲೇ ಕೋಚಿಂಗ್ ಕೇಂದ್ರಗಳ ಸಪ್ತಾಪುರ ಇದೆ. ಹಾವೇರಿ, ಗದಗ, ಕೊಪ್ಪಳ, ವಿಜಯಪುರ, ರಾಯಚೂರಿನ ಯುವಕ-ಯುವತಿಯರು ಬಾಡಿಗೆ ಕೋಣೆಗಳಲ್ಲಿದ್ದು, ಮೆಸ್ಸಿನಲ್ಲಿ ಉಂಡು, ರಾತ್ರಿ ಬೆಳಗಿನವರೆಗೆ ತೆರೆದಿರುವ ಲೈಬ್ರರಿಗಳಲ್ಲಿ ಕೂತು ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂಥ ಸರ್ಕಾರಿ ಹುದ್ದೆಗಳ ಪರೀಕ್ಷೆಗೆ ಓದುತ್ತಿದ್ದಾರೆ. ಅವರ ಶ್ರಮದ ಮುಂದೆ ನಾನು ತಲೆಬಾಗುತ್ತೇನೆ. ಇಪ್ಪತ್ತೆಂಟು, ಮೂವತ್ತು ವರ್ಷದ ಚುರುಕು ಮನಸ್ಸುಗಳು ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಗುರುತಿಸುವುದನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡುತ್ತವೆ. ತಪ್ಪಿದರೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಕಡಿತ. 2024ರ ಆಗಸ್ಟ್ 27ರಂದು ಕೆಎಎಸ್ ಪೂರ್ವಭಾವಿ ಪರೀಕ್ಷೆ ನಡೆದಾಗ ಕನ್ನಡ ಪ್ರಶ್ನೆಪತ್ರಿಕೆಯ ಅನುವಾದದಲ್ಲೇ ದೋಷಗಳಿದ್ದವು, ಡಿಸೆಂಬರ್ 29ರಂದು ಮರುಪರೀಕ್ಷೆ ಮಾಡಬೇಕಾಯಿತು. ಒಂದು ಉತ್ತರವೂ ತಪ್ಪಬಾರದು ಅಂತ ಯೌವನ ಸವೆಸಿದವರ ಕೈಗೆ ತಪ್ಪು ಪ್ರಶ್ನೆಗಳನ್ನು ಕೊಟ್ಟದ್ದು ದೊಡ್ಡ ಅನ್ಯಾಯ. ಅವರ ಸಿಟ್ಟು ನ್ಯಾಯದ ಸಿಟ್ಟು. ನಮ್ಮಲ್ಲಿ ಸಾವಿರಾರು ಹುದ್ದೆ ಖಾಲಿ ಇರುವುದು, ನೇಮಕಾತಿ ತಡವಾಗುವುದು ಬೇರೆಯೇ ಸಮಸ್ಯೆ, ಅದನ್ನು ಶಾಲೆಯ ತಲೆಗೆ ಕಟ್ಟಲಾರೆ. ಆದರೆ ಆ ಕೋಣೆಗಳಲ್ಲಿ ನಾನು ಮಾತಾಡಿಸಿದ ಎಷ್ಟೋ ಮಂದಿ ‘ಇದನ್ನು ಬಿಟ್ಟು ಬೇರೆ ಏನ ಮಾಡಬೇಕು ಅನ್ನೋದ ತಿಳಿಯಂಗಿಲ್ರಿ’ ಅಂತಾರೆ. ಹೊಸದೇನಾದರೂ ಮಾಡಿ ನೋಡಲು, ಸೋತು ಮತ್ತೆ ಏಳಲು ಅವರಿಗೆ ನಾವು ಯಾವತ್ತೂ ಕಲಿಸಿರಲಿಲ್ಲ.

ತಪ್ಪಿನ ಜೊತೆ ಬದುಕಿ ಕಲಿಯುವ ವಿದ್ಯೆ ಈ ನೆಲಕ್ಕೆ ಹೊಸದಲ್ಲ. ಹುಬ್ಬಳ್ಳಿಯಿಂದ ರೈಲು ಹತ್ತಿ ಗಂಗೂಬಾಯಿ ಹಾನಗಲ್ಲರು ಕುಂದಗೋಳಕ್ಕೆ ಹೋಗುತ್ತಿದ್ದರು, ಸವಾಯಿ ಗಂಧರ್ವರ ಬಳಿ ತಾಲೀಮಿಗೆ. ತಾಲೀಮು ಅಂದರೆ ಏನು? ಗುರು ಹಾಡುತ್ತಾರೆ, ಶಿಷ್ಯೆ ತಿರುಗಿ ಹಾಡುತ್ತಾಳೆ. ಸ್ವರ ತಪ್ಪಿದರೆ ಅಲ್ಲೇ ಎಲ್ಲರಿಗೂ ಕೇಳಿಸುತ್ತದೆ. ಗುರು ಮತ್ತೆ ಹಾಡುತ್ತಾರೆ, ಅವಳು ಮತ್ತೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ದೃಷ್ಟಿಯಿಲ್ಲದ ಮಕ್ಕಳನ್ನು ಸಂಗೀತಗಾರರನ್ನಾಗಿ ಮಾಡಿದರು. ಗುರುಗಳಿಗೂ ದೃಷ್ಟಿ ಇರಲಿಲ್ಲ. ಅಲ್ಲಿ ಇದ್ದದ್ದು ಕಿವಿ. ಒಂದೊಂದು ಮಗುವಿನ ದನಿ ಎಲ್ಲಿ ಅಲುಗುತ್ತದೆ ಅಂತ ದಿನವೂ ಕೇಳುವ ಕಿವಿ. ಹಳೆಯ ಗುರುಕುಲಗಳೆಲ್ಲ ಚೆನ್ನಾಗಿದ್ದವು ಅಂತ ನಾನು ಹೇಳುವುದಿಲ್ಲ. ಐಗಳ ಶಾಲೆಗಳಲ್ಲಿ ಬೆತ್ತ ಇತ್ತು, ಎಷ್ಟೋ ಜಾತಿಯ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಬಾಗಿಲೇ ಇರಲಿಲ್ಲ. ಎಲ್ಲರಿಗೂ ಬಾಗಿಲು ತೆರೆದದ್ದು ಇಂದಿನ ಸರ್ಕಾರಿ ಶಾಲೆ, ಅದಕ್ಕೇ ಅದರ ಮೇಲೆ ನನಗೆ ಇಷ್ಟು ಹಕ್ಕು, ಇಷ್ಟು ಆಸೆ. ಸಂಗೀತದ ಗುರುವಿನಿಂದ ನಾನು ತೆಗೆದುಕೊಳ್ಳುವುದು ಆ ಕಿವಿ ಒಂದನ್ನೇ.

ನಲವತ್ತು, ಐವತ್ತು ಮಕ್ಕಳಿರುವ ಕಡೆ ಒಬ್ಬೊಬ್ಬರನ್ನೂ ಕೇಳುವುದು ಹೇಗೆ ಅಂತ ಶಿಕ್ಷಕರು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಬಿಸಿಯೂಟದ ಲೆಕ್ಕ, ವಿದ್ಯಾರ್ಥಿಗಳ ಎಸ್‌ಎಟಿಎಸ್ ಆನ್‌ಲೈನ್ ದಾಖಲೆ, ಮತದಾರರ ಪಟ್ಟಿಯ ಬಿಎಲ್‌ಒ ಕೆಲಸ, ಗಣತಿ ಎಲ್ಲ ಅವರ ತಲೆಯ ಮೇಲೇ ಇವೆ. ಸರ್ಕಾರ ಆ ಭಾರ ಇಳಿಸಬೇಕು, ಖಾಲಿ ಹುದ್ದೆ ತುಂಬಬೇಕು, ಅದಕ್ಕೆ ನಾವೆಲ್ಲ ದನಿಗೂಡಿಸಬೇಕು. ಅಲ್ಲಿಯವರೆಗೆ ಕೈಯಲ್ಲಿ ಆಗುವುದೊಂದಿದೆ. 52ರಲ್ಲಿ 38 ಕಳೆಯುವಂಥ ಒಂದು ಲೆಕ್ಕ ಕೊಡಿ. ಮಕ್ಕಳು ಬರೆದ ಬೇರೆಬೇರೆ ಉತ್ತರಗಳನ್ನು ಯಾರ ಹೆಸರೂ ಹೇಳದೆ ಬೋರ್ಡಿನ ಮೇಲೆ ಬರೆಯಿರಿ. 14, 26, 24, 90. ಯಾವುದು ಸರಿ ಅಂತ ಹೇಳಬೇಡಿ. 26 ಬರಬೇಕಾದರೆ ಹೇಗೆ ಯೋಚಿಸಿರಬೇಕು ಅಂತ ತರಗತಿಯನ್ನೇ ಕೇಳಿ. 52 ಮತ್ತು 38 ಕೂಡಿಸಿದವರಿಗೆ 90 ಬಂದಿದೆ ಅಂತ ಮಕ್ಕಳೇ ಕಂಡುಹಿಡಿಯುತ್ತಾರೆ, ದಶಕ ಕಡ ತಂದು ಕಳೆಯಲು ಮರೆತವರಿಗೆ 24 ಬಂದಿದೆ ಅಂತಲೂ ಹೇಳುತ್ತಾರೆ. ಹತ್ತು ನಿಮಿಷ ಹಿಡಿಯುತ್ತದೆ. ಆ ಹತ್ತು ನಿಮಿಷದಲ್ಲಿ ಇಪ್ಪತ್ತು ಲೆಕ್ಕ ಮಾಡಿಸಬಹುದಿತ್ತು ಅನ್ನುವವರಿಗೆ ನನ್ನ ಉತ್ತರ: ಆ ಇಪ್ಪತ್ತೂ ಅದೇ ರೀತಿ ತಪ್ಪುತ್ತಿದ್ದವು.

ಇನ್ನೊಂದು, ಘಟಕ ಪರೀಕ್ಷೆಯ ಹಾಳೆ ಹಿಂತಿರುಗಿಸುವಾಗ ಮೊದಲು ಅಂಕ ಕೊಡಬೇಡಿ, ಒಂದು ಸಾಲು ಬರೆದು ಕೊಡಿ. ಇಸ್ರೇಲಿನಲ್ಲಿ ರೂತ್ ಬಟ್ಲರ್ 5 ಮತ್ತು 6ನೇ ತರಗತಿಯ ಮಕ್ಕಳ ಮೇಲೆ ಮಾಡಿ 1988ರಲ್ಲಿ ಪ್ರಕಟಿಸಿದ ಪ್ರಯೋಗ ಇದೆ. ಕೆಲವರಿಗೆ ಬರೀ ಅಂಕ, ಕೆಲವರಿಗೆ ಬರೀ ಟಿಪ್ಪಣಿ, ಕೆಲವರಿಗೆ ಎರಡೂ. ಮುಂದಿನ ಕೆಲಸದಲ್ಲಿ ಸುಧಾರಿಸಿದವರು ಟಿಪ್ಪಣಿ ಮಾತ್ರ ಪಡೆದ ಮಕ್ಕಳು. ಟಿಪ್ಪಣಿಯ ಪಕ್ಕ ಅಂಕವನ್ನೂ ಬರೆದಾಗ ಟಿಪ್ಪಣಿಯ ಲಾಭ ಹೊರಟುಹೋಯಿತು. ಮಗು ಅಂಕ ನೋಡುತ್ತದೆ, ಪಕ್ಕದವರ ಅಂಕ ನೋಡುತ್ತದೆ, ಹಾಳೆ ಮಡಿಸಿ ಇಡುತ್ತದೆ. ದಾಖಲೆಗೆ ಅಂಕ ಬೇಕು, ನಿಮ್ಮ ವಹಿಯಲ್ಲಿ ಬರೆದುಕೊಳ್ಳಿ. ಮಗುವಿಗೆ ಎರಡು ದಿನ ತಡವಾಗಿ ಹೇಳಿ.

ಮಾತು ಮುಗಿದ ಮೇಲೆ ಮನೆಗೆಲಸ ಮಾಡಿ ಇಬ್ಬರು ಮಕ್ಕಳನ್ನು ಓದಿಸುತ್ತಿರುವ ತಾಯಿಯೊಬ್ಬರು ಎದ್ದು ನಿಂತರು. ‘ಅಕ್ಕೋರ, ನೀವು ಹೇಳೂದೆಲ್ಲ ಖರೇನ ಐತ್ರಿ. ಆದ್ರ ತಪ್ಪು ಮಾಡಕೋತ ಕುಂತ್ರ ನಾಳೆ ಮಾರ್ಕ್ಸ್ ಹೆಂಗ ಬರ್ತಾವ್ರಿ? ಮಾರ್ಕ್ಸ್ ಬರದಿದ್ರ ನಮ್ಮಂಥವರ ಮಕ್ಕಳನ್ನ ಯಾರ ಕೇಳ್ತಾರ?’

ಅಂದು ಕೊಟ್ಟ ಉತ್ತರವನ್ನೇ ಇಲ್ಲೂ ಬರೆಯುತ್ತೇನೆ. ತಾಯೀ, ನಿಮ್ಮ ಮಗಳಿಗೆ ಮಾರ್ಕ್ಸ್ ಬೇಡ ಅಂತ ಹೇಳುವ ಹಕ್ಕು ನನಗಿಲ್ಲ. ಮಾರ್ಕ್ಸ್ ಬೇಕು. ಕಲಿಯುವ ಹೊತ್ತು ಬೇರೆ, ಪರೀಕ್ಷೆಯ ಹೊತ್ತು ಬೇರೆ. ಕಲಿಯುವ ಹೊತ್ತಿನಲ್ಲಿ ತಪ್ಪು ಹೊರಗೆ ಬಂದರೆ ಪರೀಕ್ಷೆಯ ಹೊತ್ತಿಗೆ ಅದು ತೀರಿರುತ್ತದೆ. ನಿಮ್ಮ ದೊಡ್ಡ ಮಗಳು 10ನೇ ತರಗತಿ, ಈಗ ಅವಳಿಗೆ ಹೊಸದೇನೂ ಹಚ್ಚಬೇಡಿ, ಅವಳ ಶಿಕ್ಷಕರು ಹೇಳಿದಂತೆ ಓದಲಿ. ಸಣ್ಣ ಮಗ 4ನೇ ತರಗತಿ ಅಂದಿರಿ. ಇವತ್ತು ರಾತ್ರಿ ಅವನ ಲೆಕ್ಕದ ಪಟ್ಟಿ ತೆಗೆಯಿರಿ. ನಿಮಗೆ ಓದಲು ಬಾರದಿದ್ದರೂ ನಡೆಯುತ್ತದೆ. ಕೆಂಪು ಗೆರೆ ಇರುವ ಒಂದು ಲೆಕ್ಕ ತೋರಿಸಿ, ‘ಇದನ್ನ ಹೆಂಗ ಮಾಡಿದ್ಯೋ ಅಪ್ಪಿ, ನನಗ ತಿಳಿಸಿ ಹೇಳು’ ಅನ್ನಿರಿ. ಅರ್ಧಕ್ಕೆ ನಿಂತು ‘ಅವ್ವಾ, ಇಲ್ಲಿ ತಪ್ಪೇತಿ’ ಅಂತ ಅವನೇ ಅನ್ನಬಹುದು. ಅನ್ನದಿದ್ದರೆ ಆ ಪಟ್ಟಿಯನ್ನು ಅವನ ಅಕ್ಕೋರ ಹತ್ತಿರ ಒಯ್ದು, ಇವನು ಹೀಗೆ ಮಾಡಿದೆ ಅಂತಾನ್ರಿ ಅಂತ ತೋರಿಸಿ. ಪಾಲಕರ ಸಭೆಯಲ್ಲಿ ‘ನನ್ನ ಮಗ ಎಷ್ಟನೇ ನಂಬರ್’ ಅಂತ ಕೇಳುವ ಬದಲು ಅದನ್ನೇ ಕೇಳಿ. ಹತ್ತು ಮಂದಿ ತಾಯಂದಿರು ಹಾಗೆ ಪಟ್ಟಿ ಹಿಡಿದು ಬಂದರೆ ಯಾವ ಶಿಕ್ಷಕರೂ ಬರೀ ಕೆಂಪು ಗೆರೆ ಎಳೆದು ಕೂರಲಾರರು. ಸುತ್ತೋಲೆಗಾಗಿ ಕಾಯಬೇಕಾಗಿಯೂ ಇಲ್ಲ.